ಬಾಯಲ್ಲಿ ಮರಿ, ಮೈಯಲ್ಲಿ ಚಿಪ್

ಸಿಂಗಪುರದಲ್ಲಿ ಮೀನಿನ ಕಣ್ಣಿಗೆ ಆಪರೇಷನ್ ಮಾಡುವವರಿದ್ದಾರೆ. ಮತ್ತು ಬರುವ ಔಷಧಿ ಬೆರೆಸಿದ ನೀರಿಗೆ ಮೀನನ್ನು ಬಿಟ್ಟು, ಅದು ಮಗುಚಿಕೊಂಡ ಮೇಲೆ ಎತ್ತಿ, ಚಿಮುಟದಿಂದ ಕಣ್ಣುಗುಡ್ಡೆಯ ಹಿಂದಿನ ಭಾಗವನ್ನು ಸಡಿಲಿಸಿ, ಕೆಳಕ್ಕೆ ಜೋತ ಕಣ್ಣನ್ನು ಮೇಲಕ್ಕೆ ತಳ್ಳಿ ಕೂರಿಸುತ್ತಾರೆ. ಗದ್ದದ ಆಕಾರ ಸರಿಯಿಲ್ಲ ಎನಿಸಿದರೆ ಅದನ್ನೂ ತಿದ್ದುತ್ತಾರೆ. ಇಷ್ಟು ಉಪಚಾರ ಮಾಡಿಸಿಕೊಳ್ಳುವ ಮೀನಿನ ಹೆಸರು ಏಷ್ಯಾದ ಅರೋವಾನ. ಮೊದಲು ಓದಿದಾಗ ನಗು ಬಂದಿತ್ತು. ಬೆನ್ನುಹತ್ತಿ ಹೋದರೆ ಕಣ್ಣಿನ ಕಥೆಗಿಂತ ವಿಚಿತ್ರವಾದ ಬಾಯಿಯ ಕಥೆಯೊಂದು ಸಿಕ್ಕಿತು.

ಅರೋವಾನ ಬೇಟೆಗಾರ ಮೀನು. ಮೂರು ಅಡಿಯವರೆಗೆ ಬೆಳೆಯುತ್ತದೆ. ಮೈತುಂಬ ದೊಡ್ಡ ನಾಣ್ಯದಗಲದ ಹುರುಪೆ, ಗದ್ದದ ತುದಿಯಲ್ಲಿ ಎರಡು ಮೀಸೆ. ಚೀನೀಯರಿಗೆ ಇದರಲ್ಲಿ ತಮ್ಮ ಡ್ರ್ಯಾಗನ್ ಕಂಡಿತು. ನೀರಿನ ಮೇಲ್ಪದರದಲ್ಲಿ ಸುಳಿದಾಡುತ್ತ ಹುಳು, ಕಪ್ಪೆ, ಸಣ್ಣ ಮೀನುಗಳನ್ನು ಗಬಕ್ಕನೆ ನುಂಗುವುದು ಇದರ ಜೀವನಕ್ರಮ. ಅದಕ್ಕೇ ಇದರ ಕಣ್ಣು ಮೇಲ್ಮುಖಿ. ಗಾಜಿನ ತೊಟ್ಟಿಯಲ್ಲಿ ಮೇಲೆ ನೋಡಲು ಏನೂ ಇರುವುದಿಲ್ಲ. ಕೆಳಗೆ ನೋಡಿ ನೋಡಿ ಕಣ್ಣು ಜೋತುಬೀಳುತ್ತದೆ ಎಂಬುದು ಸಾಕುವವರ ನಂಬಿಕೆ.

ಬೋರ್ನಿಯೊ, ಸುಮಾತ್ರಾ, ಮಲಯಾ ಪರ್ಯಾಯದ್ವೀಪದ ನಿಧಾನ ಹರಿವಿನ ಕಪ್ಪುನೀರಿನ ಹೊಳೆಗಳು ಮತ್ತು ಜೌಗು ಕಾಡುಗಳು ಇದರ ತವರು. ಕೆಂಪು ಬಣ್ಣದವು ಪಶ್ಚಿಮ ಕಾಲಿಮಂತಾನಿನ ಕಪುವಾಸ್ ನದಿಯ ಕಡೆಯವು, ಚಿನ್ನದ ಬಣ್ಣದವು ಮಲೇಷ್ಯಾದ ಬುಕಿತ್ ಮೆರಾ ಸರೋವರದ ಕಡೆಯವು. ಒಂದು ಕಾಲಕ್ಕೆ ಊರಿನವರು ಇದನ್ನು ಹಿಡಿದು ಸಾರು ಮಾಡಿ ತಿನ್ನುತ್ತಿದ್ದರು. ಮುಳ್ಳು ಜಾಸ್ತಿ ಎಂದು ಮೂಗು ಮುರಿಯುವವರೂ ಇದ್ದರು.

ಈ ಸಾರಿನ ಮೀನು ಸಿರಿವಂತರ ಹಾಲ್ ಸೇರಿದ್ದು ಹೇಗೆ? ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಮೂಗುದಾರ ಹಾಕುವ ‘ಸೈಟಿಸ್’ ಒಪ್ಪಂದ 1973ರಲ್ಲಿ ವಾಷಿಂಗ್ಟನ್‌ನಲ್ಲಿ ರೂಪುಗೊಂಡು 1975ರ ಜುಲೈನಲ್ಲಿ ಜಾರಿಗೆ ಬಂತು. ಅದರ ಅತಿ ಬಿಗಿಯಾದ ಮೊದಲ ಪಟ್ಟಿಯಲ್ಲಿ ಹುಲಿ, ಗೊರಿಲ್ಲಾಗಳ ಜೊತೆ ಅರೋವಾನದ ಹೆಸರೂ ಸೇರಿತು. ಈ ಮೀನಿನ ಹಿಂದೆ ವರ್ಷಗಟ್ಟಲೆ ಅಲೆದು 2016ರಲ್ಲಿ ‘ದ ಡ್ರ್ಯಾಗನ್ ಬಿಹೈಂಡ್ ದ ಗ್ಲಾಸ್’ ಎಂಬ ಪುಸ್ತಕ ಬರೆದ ಅಮೆರಿಕದ ಪತ್ರಕರ್ತೆ ಎಮಿಲಿ ವಾಯ್ಟ್ ಅವರ ವಾದ ಕುತೂಹಲದ್ದು: ಅರೋವಾನಕ್ಕೆ ಬೆಲೆ ತಂದದ್ದೇ ಈ ನಿಷೇಧ. ಮಾರುವಂತಿಲ್ಲ ಎಂದೊಡನೆ ಕೊಳ್ಳಲೇಬೇಕೆಂಬ ಹಟ ಹುಟ್ಟಿತು. ಕಳ್ಳಸಾಗಣೆ ಶುರುವಾಯಿತು. ಮನೆಗೆ ಬರುವ ಕೇಡನ್ನು ತನ್ನ ಮೈಮೇಲೆ ಎಳೆದುಕೊಂಡು ತೊಟ್ಟಿಯಿಂದ ಹಾರಿ ಸಾಯುತ್ತದೆ ಎಂಬ ಪ್ರತೀತಿ ಬೆಲೆಯನ್ನು ಇನ್ನಷ್ಟು ಏರಿಸಿತು. ಹಾರುವುದು ಅದರ ಹುಟ್ಟುಗುಣ, ಮುಚ್ಚಳ ಹಾಕದ್ದು ಯಜಮಾನನ ತಪ್ಪು. ಅದನ್ನು ಹೇಳಿದರೆ ವ್ಯಾಪಾರ ನಡೆಯುವುದಿಲ್ಲವಲ್ಲ!

ಒಪ್ಪಂದದಲ್ಲಿ ಒಂದು ಕಿಂಡಿ ಇತ್ತು. ಕಾಡಿನ ಮೀನನ್ನು ಮಾರುವಂತಿಲ್ಲ, ಸಾಕಣೆಯಲ್ಲಿ ಹುಟ್ಟಿದ್ದನ್ನು ಮಾರಬಹುದು. ಅದಕ್ಕೂ ಷರತ್ತು ಇದೆ. ಕಾಡಿನಿಂದ ತಂದ ಮೀನು ಹಾಕಿದ ಮರಿ ಸಾಲದು, ಆ ಮರಿಯೂ ದೊಡ್ಡದಾಗಿ ಮರಿ ಹಾಕಬೇಕು. ಎಂದರೆ ಅಂಗಡಿಗೆ ಬರುವುದು ಮೊಮ್ಮಕ್ಕಳು. ಅರೋವಾನ ಪ್ರಾಯಕ್ಕೆ ಬರಲು ಮೂರು–ನಾಲ್ಕು ವರ್ಷ ಬೇಕು. ಎರಡು ತಲೆಮಾರು ದಾಟುವವರೆಗೆ ಕೈಯಿಂದ ಖರ್ಚು ಮಾಡುತ್ತ ಕಾಯಬೇಕು. ಬೇಕಾದ ತಾಳ್ಮೆ ಎಷ್ಟೆಂದು ಲೆಕ್ಕ ಹಾಕಿಕೊಳ್ಳಿ.

ತಾಳ್ಮೆಯೊಂದೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ನಮ್ಮ ದೇಶದಲ್ಲಿ ಮೀನಿಗೆ ಮರಿ ಮಾಡಿಸುವ ವಿದ್ಯೆ ಹಳೆಯದು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿ ಅವರು ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದರು. ಅದುವರೆಗೆ ಬಿತ್ತನೆ ಮರಿಗಾಗಿ ಮಳೆಗಾಲದ ನದಿಯ ಮುಂದೆ ಬಲೆ ಹಿಡಿದು ನಿಲ್ಲಬೇಕಿತ್ತು. ಇಂದು ನಮ್ಮ ಕೆರೆಗಳಿಗೆ ಬಿಡುವ ಕಾಟ್ಲಾ, ರೋಹು ಮರಿಗಳೆಲ್ಲ ಆ ಸೂಜಿಯ ಕೃಪೆ. ಒಂದು ರೋಹು ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ, ಇಟ್ಟು ಮರೆತುಬಿಡುತ್ತದೆ. ಮುಕ್ಕಾಲು ಪಾಲು ಹಾಳಾದರೂ ಸಾಕಣೆದಾರನಿಗೆ ನಷ್ಟವಿಲ್ಲ. ಅರೋವಾನದ ಹೆಣ್ಣಿಗೆ ಇರುವುದೇ ಒಂದು ಅಂಡಾಶಯ. ಸಲಕ್ಕೆ ಕೆಲವು ಡಜನ್ ಮೊಟ್ಟೆ ಇಟ್ಟರೆ ಹೆಚ್ಚು. ಒಂದೊಂದೂ ಒಂದು ಸೆಂಟಿಮೀಟರಿಗಿಂತ ದೊಡ್ಡದು. ಇಷ್ಟು ದುಬಾರಿ ಮೀನಿಗೆ ಸೂಜಿ ಚುಚ್ಚಿ ಇಷ್ಟು ಕಡಿಮೆ ಮೊಟ್ಟೆಗಾಗಿ ಪಣ ಕಟ್ಟುವವರು ಯಾರು? ಸಾಕಣೆದಾರರು ಇಂದಿಗೂ ನೆಚ್ಚಿರುವುದು ಮೀನಿನ ಸ್ವಂತ ಮನಸ್ಸನ್ನೇ.

ಗಂಡು ಯಾವುದು, ಹೆಣ್ಣು ಯಾವುದು ಎಂದು ನೋಡಿ ಹೇಳುವುದೂ ಕಷ್ಟ. ಗಂಡಿನ ಬಾಯಿ ಅಗಲ, ಮೈ ಸಪೂರ ಎನ್ನುತ್ತಾರೆ. ಅನುಭವಿಗಳೂ ಎಡವುತ್ತಾರೆ. ಹೇಗೋ ಒಂದು ಜೋಡಿಯನ್ನು ಆರಿಸಿ ತೊಟ್ಟಿಗೆ ಬಿಟ್ಟರೆ ಒಂದು ಇನ್ನೊಂದನ್ನು ಕಚ್ಚಿ ಹರಿದು ಹಾಕುವುದೂ ಉಂಟು. ಜಾತಕ ಕೂಡಿಸಿದವರು ನಾವು, ಬಾಳಬೇಕಾದವು ಅವು. ಮನೆಯ ಅಕ್ವೇರಿಯಂನಲ್ಲಿ ಇದು ಮರಿ ಮಾಡುವುದು ಬಲು ಅಪರೂಪ.

1980ರ ದಶಕದಲ್ಲಿ ಸಿಂಗಪುರ ಸರ್ಕಾರದ ಪ್ರಾಥಮಿಕ ಉತ್ಪಾದನಾ ಇಲಾಖೆಯ ಸಂಶೋಧಕರೂ ಖಾಸಗಿ ಸಾಕಣೆದಾರರೂ ಇದರ ಹಿಂದೆ ಬಿದ್ದರು. ಗೆದ್ದದ್ದು ಗಾಜಿನಲ್ಲಲ್ಲ, ಮಣ್ಣಿನಲ್ಲಿ. ಕೆಸರು ತಳದ ಹೊಂಡ ತೋಡಿ, ಪ್ರಾಯದ ಮೀನುಗಳ ಗುಂಪನ್ನೇ ಬಿಟ್ಟು, ಜೋಡಿ ಆರಿಸುವ ಕೆಲಸವನ್ನು ಅವಕ್ಕೇ ವಹಿಸಿದರು. ಅವುಗಳ ಒಲವು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನಡೆಯುತ್ತದೆ. ರಾತ್ರಿ ಹೊತ್ತು ನೀರಿನ ಮೇಲ್ಭಾಗದಲ್ಲಿ ಗಂಡು ಹೆಣ್ಣನ್ನು ಹಿಂಬಾಲಿಸುತ್ತದೆ, ಒಂದರ ಬಾಲಕ್ಕೆ ಇನ್ನೊಂದರ ಮೂಗು ತಾಗುವಂತೆ ಸುತ್ತುತ್ತವೆ, ಕೊನೆಕೊನೆಗೆ ಪಕ್ಕಪಕ್ಕದಲ್ಲಿ ಮೈಗೆ ಮೈ ಸೋಕಿಸಿಕೊಂಡು ಈಜುತ್ತವೆ.

ಆಮೇಲಿನದು ಗಂಡಿನ ಕೆಲಸ. ಹೆಣ್ಣು ಇಟ್ಟ ಕಿತ್ತಳೆಗೆಂಪು ಮೊಟ್ಟೆಗಳನ್ನೆಲ್ಲ ಅದು ಬಾಯಿಗೆ ತುಂಬಿಕೊಳ್ಳುತ್ತದೆ. ಮೊಟ್ಟೆ ಒಡೆಯುವುದು ಅಲ್ಲೇ, ಮರಿ ಬೆಳೆಯುವುದೂ ಅಲ್ಲೇ. ಹೊಟ್ಟೆಯಡಿ ಜೋತ ಹಳದಿಯ ಚೀಲವೇ ಮರಿಗಳ ಬುತ್ತಿ. ಅದು ಕರಗಿ ಅವು ಸ್ವತಂತ್ರವಾಗಿ ಈಜುವ ತನಕ, ಸುಮಾರು ಎರಡು ತಿಂಗಳು, ಅಪ್ಪನಿಗೆ ಉಪವಾಸ. ಕಂಡದ್ದನ್ನೆಲ್ಲ ನುಂಗುವ ಮೀನು ತನ್ನ ಬಾಯೊಳಗೇ ಇರುವುದನ್ನು ನುಂಗದೆ ಕಾಯುತ್ತದೆ. ಗದ್ದಲವಾದರೆ, ನೀರು ಕೆಟ್ಟರೆ, ಹೆದರಿಕೆಯಾದರೆ ಉಗುಳಿಬಿಡುತ್ತದೆ ಅಥವಾ ನುಂಗಿಯೇ ಬಿಡುತ್ತದೆ. ಗಾಜಿನ ತೊಟ್ಟಿಯಲ್ಲಿ ಸೋತದ್ದು ಏಕೆಂದು ಈಗ ತಿಳಿಯಿತಲ್ಲ. ಹಾಲ್‌ನಲ್ಲಿ ಟಿವಿ, ಮಕ್ಕಳ ಓಡಾಟ, ಬಂದುಹೋಗುವವರ ಬೆರಳು ಗಾಜಿನ ಮೇಲೆ ಟಕಟಕ.

ಸಾಕಣೆದಾರ ಎರಡು ತಿಂಗಳು ಕಾಯುವುದಿಲ್ಲ. ಗದ್ದ ಉಬ್ಬಿದ ಗಂಡನ್ನು ಗುರುತಿಸಿ, ಬಲೆಯಲ್ಲಿ ಮೆಲ್ಲಗೆ ಹಿಡಿದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಕೆಳದವಡೆಯನ್ನು ಎಳೆದು, ತಲೆಕೆಳಗಾಗಿಸಿ ಅಲುಗಿಸುತ್ತಾನೆ. ಕೆಂಪು ಗೋಲಿಗಳಿಗೆ ಬಾಲ ಅಂಟಿಸಿದಂಥ ಮರಿಗಳು ನೀರಿಗೆ ಉದುರುತ್ತವೆ. ಅವನ್ನು ತೊಟ್ಟಿಗೆ ಹಾಕಿ, ಗಾಳಿ ಊದಿ, ಅಪ್ಪನ ಬಾಯಿಯ ಕೆಲಸವನ್ನು ಪಂಪಿನಿಂದ ಮಾಡಿಸುತ್ತಾನೆ. ಮರಿ ಉಳಿಯುವುದು ಹೆಚ್ಚು, ಗಂಡು ಬೇಗ ಹೊಟ್ಟೆಗೆ ತಿಂದು ಮತ್ತೆ ಸಂಸಾರಕ್ಕೆ ಸಿದ್ಧವಾಗುತ್ತದೆ. ಕಾಡಿನಲ್ಲೂ ಮರಿ ಹಿಡಿಯುವವರು ಬಾಯಿ ತುಂಬಿದ ಗಂಡನ್ನೇ ಹುಡುಕುತ್ತಿದ್ದರು. ಅಲ್ಲಿ ಅಪ್ಪ ಉಳಿಯುವ ಖಾತ್ರಿ ಇರಲಿಲ್ಲ.

1990ರ ದಶಕದಲ್ಲಿ ಸೈಟಿಸ್ ನೋಂದಾಯಿತ ಸಾಕಣೆ ಕೇಂದ್ರಗಳು ಬಂದವು. ಸಿಂಗಪುರ, ಮಲೇಷ್ಯಾ, ಇಂಡೊನೇಷ್ಯಾಗಳಲ್ಲಿ ಅವು ಹರಡಿದ ಬಗೆ ಬೇರೆಲ್ಲ ಉದ್ಯಮಗಳಂತೆಯೇ, ಅದರಲ್ಲಿ ಹೇಳುವಂಥದ್ದು ಕಡಿಮೆ. ಈಗ ಪ್ರತಿ ಮೀನಿನ ಮೈಯೊಳಗೂ ಅಕ್ಕಿಕಾಳಿನಷ್ಟು ಮೈಕ್ರೊಚಿಪ್, ಜೊತೆಗೊಂದು ಪ್ರಮಾಣಪತ್ರ. ಹೊಂಡದ ಸುತ್ತ ಎತ್ತರದ ಬೇಲಿ, ಕಾವಲು ನಾಯಿ. ಮೀನು ಕದಿಯಲು ಬೇಲಿ ಹಾರುವವರೂ ಇದ್ದಾರೆ.

ಇಲ್ಲೊಂದು ಅಡ್ಡದಾರಿ ಹಿಡಿಯಲೇಬೇಕು. ಅರೋವಾನದ ದಾಯಾದಿಗಳು ದಕ್ಷಿಣ ಅಮೆರಿಕ, ಆಫ್ರಿಕಾ, ಆಸ್ಟ್ರೇಲಿಯಾಗಳಲ್ಲಿವೆ. ಉಪ್ಪುನೀರು ದಾಟದ ಈ ಮೀನು ಏಷ್ಯಾಕ್ಕೆ ಬಂದದ್ದು ಹೇಗೆ? 2000ದಲ್ಲಿ ಜಪಾನಿನ ಕುಮಜಾವಾ ಮತ್ತು ನಿಶಿದಾ ಎಂಬ ವಿಜ್ಞಾನಿಗಳು ಡಿಎನ್‌ಎ ಹೋಲಿಸಿ ಒಂದು ಊಹೆ ಮುಂದಿಟ್ಟರು. ಗೊಂಡ್ವಾನ ಖಂಡ ಒಡೆದಾಗ ಭಾರತದ ಭೂಫಲಕವೋ ಅಂಥ ಇನ್ನೊಂದು ತುಂಡೋ ಉತ್ತರಕ್ಕೆ ತೇಲಿತಲ್ಲ, ಅದರ ನದಿಗಳಲ್ಲಿ ಕುಳಿತೇ ಇದರ ಪೂರ್ವಜರು ಏಷ್ಯಾ ಮುಟ್ಟಿರಬೇಕು. ಊಹೆ ನಿಜವಾದರೆ ಡ್ರ್ಯಾಗನ್ ಎಂದು ಚೀನೀಯರು ಪೂಜಿಸುವುದು ನಮ್ಮೂರ ಸವಾರಿಯಲ್ಲಿ ಹೋದ ಮೀನನ್ನೇ ಇರಬಹುದು. ಈ ಕುಟುಂಬದ ಮೀನಿನ ಪಳೆಯುಳಿಕೆಗಳು ರಾಜಸ್ಥಾನದ ಬಿಕಾನೇರ್ ಬಳಿ ಸಿಕ್ಕಿರುವುದಂತೂ ಊಹೆಯಲ್ಲ.

ನನಗೆ ಸಿಟ್ಟು ಬರುವುದು ಸಾಕಣೆಯ ಮುಂದಿನ ಕಥೆಗೆ. ಸಾಕಣೆ ಗೆದ್ದರೆ ಕಾಡಿನ ಮೀನು ಉಳಿದೀತು ಎಂಬುದು ಎಲ್ಲರ ವಾದವಾಗಿತ್ತು. ಹೊಂಡಗಳು ತುಂಬಿದವು. ಕಾಡಿನ ಅರೋವಾನ ಇಂದಿಗೂ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅಳಿವಿನಂಚಿನ ಜೀವಿಯಾಗಿಯೇ ಇದೆ. 2012ರಲ್ಲಿ ಮ್ಯಾನ್ಮಾರ್‌ನ ತನಿಂತಾರಿ ಪ್ರದೇಶದ ಅರೋವಾನವೊಂದನ್ನು ಮೀನುತಜ್ಞ ಟೈಸನ್ ರಾಬರ್ಟ್ಸ್ ಹೊಸ ಪ್ರಭೇದವೆಂದು ವರ್ಣಿಸಿದರು. ಅದರ ಹುರುಪೆಯ ಮೇಲೆ ಅಕ್ಷರ ಬರೆದಂಥ ಸುರುಳಿ ಗೆರೆಗಳಿವೆ. ಅಂಥದ್ದು ಕಂಡರೆ ಸಂಗ್ರಾಹಕರ ಕೈ ಸುಮ್ಮನಿರುವುದಿಲ್ಲ.

ನಮ್ಮಲ್ಲಿ ವಾಸ್ತು ಮೀನೆಂದು ಮಾರುವುದರಲ್ಲಿ ಅಮೆಜಾನಿನ ಬೆಳ್ಳಿ ಅರೋವಾನವೂ ಇದೆ. ಅದು ಬೇರೆ ಜಾತಿ, ಬೆಲೆಯೂ ಅಗ್ಗ. ಕೆಂಪುಬಾಲದ ಕ್ಯಾಟ್‌ಫಿಶ್‌ನಂಥ ದೈತ್ಯರನ್ನೂ ಬೆರಳುದ್ದ ಇದ್ದಾಗ ಮಾರುತ್ತಾರೆ. ಅದು ಸೂಜಿಗೆ ಬಗ್ಗುವ ಮೀನು, ಆದ್ದರಿಂದ ಸಲೀಸಾಗಿ ಸಿಗುತ್ತದೆ. ಮೀಟರ್ ಮೀರಿ ಬೆಳೆದಾಗ ಕೊಂಡವರಿಗೆ ಕೆರೆ ನೆನಪಾಗುತ್ತದೆ. 2018ರ ಮಹಾಪೂರದ ನಂತರ ಕೇರಳದ ನದಿಗಳಲ್ಲಿ ಮೀನುಗಾರರ ಬಲೆಗೆ ದಕ್ಷಿಣ ಅಮೆರಿಕದ ಅರಪೈಮಾ, ಉತ್ತರ ಅಮೆರಿಕದ ಅಲಿಗೇಟರ್ ಗಾರ್ ಬಿದ್ದವು. ಯಾರೋ ಸಾಕಿದ್ದವು.

ನಿಮ್ಮ ಮನೆಯಲ್ಲಿ ಏಷ್ಯಾದ ಅರೋವಾನ ಇದ್ದರೆ, 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಕಾಯ್ದೆಯ ಪ್ರಕಾರ ಅದನ್ನು ಕೇಂದ್ರ ಸರ್ಕಾರದ ‘ಪರಿವೇಶ್’ ಜಾಲತಾಣದಲ್ಲಿ ನೋಂದಾಯಿಸಬೇಕು. ಬೇರೆ ದೊಡ್ಡ ಮೀನು ಸಾಕಿ ಸಾಕಾಗಿದ್ದರೆ ಅಂಗಡಿಗೆ ಹಿಂದಿರುಗಿಸಿ, ದೊಡ್ಡ ತೊಟ್ಟಿ ಇರುವ ಇನ್ನೊಬ್ಬ ಹವ್ಯಾಸಿಗೆ ಕೊಡಿ. ಕೆರೆಗೆ ಮಾತ್ರ ಬಿಡಬೇಡಿ.