ಆಸ್ಪತ್ರೆಯೂ ಕಾಲೇಜೂ ಕೂಡಿದರೆ

ರೋಗಿಯ ಆರೈಕೆಗೆ ನಾವು ಬಳಸುವ 'ಶುಶ್ರೂಷೆ' ಎಂಬ ಮಾತಿನ ಮೂಲಾರ್ಥ ಬಹು ಜನಕ್ಕೆ ತಿಳಿದಿರಲಾರದು. ಸಂಸ್ಕೃತದ 'ಶ್ರು' ಧಾತುವಿನಿಂದ ಬಂದ ಈ ಶಬ್ದಕ್ಕೆ 'ಕೇಳಬೇಕೆಂಬ ಇಚ್ಛೆ' ಎಂದು ಅರ್ಥ. ಗುರುವಿನ ಮಾತನ್ನು ಕೇಳಲು ಹತ್ತಿರ ನಿಂತ ಶಿಷ್ಯನು ಆತನ ಸೇವೆಯನ್ನೂ ಮಾಡುತ್ತಿದ್ದನಾದ್ದರಿಂದ ಅದೇ ಮಾತು ಸೇವೆಗೂ, ಮುಂದೆ ರೋಗಿಯ ಉಪಚಾರಕ್ಕೂ ಸಂದಿತು. ಕಲಿಯುವುದೂ ಸೇವೆ ಮಾಡುವುದೂ ಒಂದೇ ಎಡೆಯಲ್ಲಿ ನಡೆಯತಕ್ಕವು ಎಂಬ ತಿಳಿವಳಿಕೆ ಈ ಒಂದು ಮಾತಿನಲ್ಲಿಯೇ ಅಡಗಿದೆ. ಈಗಲಾದರೋ ಇವೆರಡೂ ಬೇರೆ ಬೇರೆ ಮನೆ ಮಾಡಿವೆ. ಕಲಿಸುವುದು ಕಾಲೇಜಿನ ಪಾಲು, ಸೇವೆ ಆಸ್ಪತ್ರೆಯ ಪಾಲು. ಈ ಅಗಲಿಕೆಯಿಂದ ಯಾರಿಗೆ ಏನು ನಷ್ಟವೆಂಬುದನ್ನು ನಾನು ಕಣ್ಣಾರೆ ಕಂಡದ್ದು ಹೋದ ವರ್ಷದ ಬೇಸಗೆಯಲ್ಲಿ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಪಿಯುಸಿ ಮುಗಿಸಿ ನರ್ಸಿಂಗ್ ಓದಬೇಕೆಂದಿದ್ದಳು. ಅವಳ ತಂದೆ ಸಣ್ಣ ಹಿಡುವಳಿಯ ರೈತರು. ಕಾಲೇಜೊಂದರ ಬಣ್ಣದ ಪುಸ್ತಿಕೆಯನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದರು. "ಮೇಷ್ಟ್ರೇ, ಕಟ್ಟಡ ಭಾರಿ ಚೆನ್ನಾಗಿದೆ. ಜಮೀನಿನ ಮೇಲೆ ಸಾಲ ಎತ್ತಬೇಕು, ಎತ್ತಿ ಸೇರಿಸಲೋ ಬೇಡವೋ ಹೇಳಿ" ಎಂದರು. ಒಂದು ಹಿಡುವಳಿಯ ಭವಿಷ್ಯ ನನ್ನ ಬಾಯಿಯ ಮೇಲೆ ನಿಂತಂತಾಯಿತು. ಮೂವತ್ತು ವರ್ಷ ಹಳಗನ್ನಡವನ್ನೂ ವ್ಯಾಕರಣವನ್ನೂ ಹೇಳಿಕೊಟ್ಟವನಿಗೆ ಈ ವಿಷಯದಲ್ಲಿ ಏನು ಗೊತ್ತು? ಹೋಗಿ ನೋಡೋಣ ಎಂದು ಅವರೊಡನೆ ಬಸ್ಸು ಹತ್ತಿದೆ.

ಕಟ್ಟಡ ನಿಜವಾಗಿಯೂ ಚೆನ್ನಾಗಿತ್ತು. ಅಸ್ಥಿಪಂಜರವಿತ್ತು, ಮಲಗಿಸಿದ ಬೊಂಬೆಗಳಿದ್ದವು. ಆಸ್ಪತ್ರೆ ಮಾತ್ರ ಇರಲಿಲ್ಲ. ಬೇರೆ ಆಸ್ಪತ್ರೆಗಳೊಡನೆ ಒಪ್ಪಂದವಿದೆಯೆಂದು ಹೇಳಿದರು. ಹೊರಗೆ ಬರುವಾಗ ಕೊನೆಯ ವರ್ಷದ ಹುಡುಗಿಯೊಬ್ಬಳನ್ನು ಮಾತಾಡಿಸಿದೆ. "ಸಾರ್, ವಾರ್ಡಿಗೆ ಹೋದಾಗ ಒಂದು ಹಾಸಿಗೆಯ ಸುತ್ತ ಹನ್ನೆರಡು ಜನ ನಿಲ್ಲುತ್ತೇವೆ. ಮುಂದೆ ನಿಂತವರಿಗೆ ಕಾಣುತ್ತೆ. ಹಿಂದಿನವರಿಗೆ ಸಿಸ್ಟರ ಧ್ವನಿ ಕೇಳುತ್ತೆ, ಅಷ್ಟೆ" ಎಂದಳು.

ಅಲ್ಲಿಂದ ಎರಡು ಫರ್ಲಾಂಗು ದೂರದಲ್ಲಿ ಒಂದು ಖಾಸಗಿ ಆಸ್ಪತ್ರೆ. ಅಲ್ಲಿ ವಿಚಾರಿಸಿದಾಗ ವ್ಯವಸ್ಥಾಪಕರು ಕೈ ಚೆಲ್ಲಿದರು. "ರಾತ್ರಿ ಪಾಳಿಗೆ ಜನ ಸಿಕ್ಕುವುದಿಲ್ಲ ಸ್ವಾಮಿ. ಸಿಕ್ಕಿದವರು ಸರ್ಟಿಫಿಕೇಟು ತರುತ್ತಾರೆ, ಕೈ ತರುವುದಿಲ್ಲ. ಆರು ತಿಂಗಳು ನಾವೇ ತಿದ್ದಬೇಕು. ತಿದ್ದಿದ ಮೇಲೆ ಬೆಂಗಳೂರಿಗೋ ಪರದೇಶಕ್ಕೋ ಹೊರಟುಹೋಗುತ್ತಾರೆ" ಎಂದರು. ಕಾಲೇಜಿನವರು ಈ ಆಸ್ಪತ್ರೆಗೆ ಎಷ್ಟು ಮಂದಿ ಬೇಕೆಂದು ಕೇಳಿದ್ದಿಲ್ಲ, ಆಸ್ಪತ್ರೆಯವರು ಆ ಕಾಲೇಜಿನ ಮೆಟ್ಟಿಲು ಹತ್ತಿದ್ದಿಲ್ಲ.

ವಾಚಕರೇ, ಕೆರೆಯಲ್ಲಿ ನೀರು ತುಂಬಿದ್ದು ಕೆಳಗಿನ ಗದ್ದೆ ಒಣಗಿದರೆ ನಾವು ಮಳೆಯನ್ನು ದೂರುವುದಿಲ್ಲ, ತೂಬನ್ನೂ ಕಾಲುವೆಯನ್ನೂ ನೋಡುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ ೨೦೨೫ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ೨೦೨೩ರಲ್ಲಿ ಜಗತ್ತಿನಲ್ಲಿದ್ದ ನರ್ಸುಗಳು ಸುಮಾರು ೨ ಕೋಟಿ ೯೮ ಲಕ್ಷ, ಕೊರತೆ ಸುಮಾರು ೫೮ ಲಕ್ಷ. ಇಷ್ಟು ಕೊರತೆಯಿರುವಾಗಲೂ ಓದಿದವರು ಕೆಲಸಕ್ಕೆ ಒದಗುವುದಿಲ್ಲವೆಂದರೆ ನಡುವೆ ಕಾಲುವೆಯಿಲ್ಲವೆಂದೇ ಅರ್ಥ. ಅದನ್ನು ತೋಡುವುದು ಕಾಲೇಜೊಂದರಿಂದಲೂ ಆಗದು, ಆಸ್ಪತ್ರೆಯೊಂದರಿಂದಲೂ ಆಗದು. ಇಬ್ಬರೂ ಎರಡು ಕಡೆಯಿಂದ ತೋಡುತ್ತ ಬಂದು ನಡುವೆ ಕೂಡಬೇಕು.

ಇದು ಏಕೆಂಬುದನ್ನು ನಮ್ಮ ಹಿಂದಿನವರೇ ತಿಳಿಸಿದ್ದಾರೆ. ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಕಾಲುಗಳೆಂದು ವೈದ್ಯ, ಔಷಧ, ಪರಿಚಾರಕ, ರೋಗಿ ಇವರನ್ನು ಹೇಳುತ್ತದೆ. ಪರಿಚಾರಕನಲ್ಲಿರಬೇಕಾದ ಗುಣಗಳೂ ನಾಲ್ಕು: ಉಪಚಾರದ ತಿಳಿವಳಿಕೆ, ದಕ್ಷತೆ, ತಾನು ನೋಡಿಕೊಳ್ಳುವವನಲ್ಲಿ ಅನುರಾಗ, ಶೌಚ. ಇವುಗಳಲ್ಲಿ ಮೊದಲನೆಯದನ್ನು ಪಾಠದ ಕೋಣೆಯಲ್ಲಿ ಕಲಿಸಬಹುದು. ಉಳಿದ ಮೂರು ಹಾಸಿಗೆಯ ಪಕ್ಕದಲ್ಲಿ, ಬಲ್ಲವರ ಕಣ್ಣೆದುರಿನಲ್ಲಿ ಮಾಡಿ ಮಾಡಿ ಬರತಕ್ಕವು. ನಮ್ಮ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ ೨೦೧೮ರಲ್ಲಿ ಪದ್ಮಶ್ರೀ ದೊರೆತುದು ಪತ್ರಿಕೆಗಳಲ್ಲಿ ಬಂದಿತ್ತಷ್ಟೆ. ಆ ತಾಯಿ ಶಾಲೆಗೆ ಹೋದವರಲ್ಲ. ಹೆರಿಗೆಯ ವಿದ್ಯೆಯನ್ನು ಅಜ್ಜಿಯ ಜೊತೆಯಲ್ಲಿದ್ದು ಕಲಿತವರು. ಇಂದಿನ ಆಸ್ಪತ್ರೆಗೆ ಅಜ್ಜಿಯ ಪಾಠವೊಂದೇ ಸಾಲದು, ನಿಜ. ಆದರೆ ಅಜ್ಜಿಯಿಲ್ಲದ ಪಾಠವೂ ಸಾಲದು.

ಹೊಸಗಾಲದ ನರ್ಸಿಂಗ್ ಶಿಕ್ಷಣ ಮೊದಲಾದದ್ದೇ ಇಂಥ ಒಂದು ಕೂಡುವಿಕೆಯಿಂದ. ಕ್ರಿಮಿಯಾ ಯುದ್ಧದಲ್ಲಿ ಗಾಯಾಳುಗಳ ಸೇವೆ ಮಾಡಿದ ಫ್ಲಾರೆನ್ಸ್ ನೈಟಿಂಗೇಲರ ಗೌರವಾರ್ಥ ಇಂಗ್ಲೆಂಡಿನ ಜನ ಒಂದು ನಿಧಿಯನ್ನು ಕೂಡಿಸಿದರು. ಆ ಹಣದಿಂದ ೧೮೬೦ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶಾಲೆ ತೆರೆಯಿತು. ಹಣ ನಿಧಿಯವರದು, ವಾರ್ಡು ಆಸ್ಪತ್ರೆಯವರದು. ಕಲಿಯುವವಳ ಊಟ ವಸತಿಯನ್ನು ಶಾಲೆ ನೋಡಿಕೊಂಡಿತು. ಒಂದು ವರ್ಷ ವಾರ್ಡಿನಲ್ಲಿ ತರಬೇತಿ ಪಡೆದವಳು ಬಳಿಕ ನಿಧಿಯವರು ಹೇಳಿದ ಆಸ್ಪತ್ರೆಯಲ್ಲಿ ಕೆಲವು ವರ್ಷ ದುಡಿಯಬೇಕೆಂದು ಕರಾರು. ಸೇರುವ ದಿನವೇ ಹೊರಡುವ ದಾರಿ ಕಾಣುತ್ತಿತ್ತು.

ಆದರೆ ಒಂದು ಎಚ್ಚರವನ್ನು ಹೇಳದೆ ಮುಂದೆ ಹೋಗಲಾಗದು. ಈ ಪದ್ಧತಿ ಬೇರೆ ದೇಶಗಳಿಗೆ ಹಬ್ಬಿದಾಗ ಅನೇಕ ಆಸ್ಪತ್ರೆಗಳಿಗೆ ಕಲಿಯುವ ಹುಡುಗಿ ಎಂದರೆ ಸಂಬಳವಿಲ್ಲದ ಆಳು ಎಂಬಂತಾಯಿತು. ಅಮೆರಿಕದಲ್ಲಿ ೧೯೨೩ರಲ್ಲಿ ಹೊರಬಂದ ಗೋಲ್ಡ್‌ಮಾರ್ಕ್ ವರದಿ ಇದನ್ನೇ ಎತ್ತಿ ತೋರಿಸಿತು. ವಾರ್ಡಿನ ಕೆಲಸದ ಒತ್ತಡಕ್ಕೆ ಪಾಠ ಬಲಿಯಾಗುತ್ತಿದೆ, ಶಾಲೆ ತನ್ನ ಕಾಲ ಮೇಲೆ ತಾನು ನಿಲ್ಲಬೇಕು ಎಂಬುದು ಅದರ ಸಾರ. ಅದೇ ವರ್ಷ ಯೇಲ್ ವಿಶ್ವವಿದ್ಯಾನಿಲಯದಲ್ಲಿ ನರ್ಸಿಂಗ್ ಶಾಲೆ ಸ್ವತಂತ್ರವಾಗಿ ತೆರೆಯಿತು. ಆಸ್ಪತ್ರೆಯೊಂದೇ ಹಿಡಿದರೆ ವಿದ್ಯಾರ್ಥಿ ಆಳಾಗುತ್ತಾಳೆ, ಕಾಲೇಜೊಂದೇ ಹಿಡಿದರೆ ಹನ್ನೆರಡು ಜನರ ಹಿಂದೆ ನಿಲ್ಲುತ್ತಾಳೆ. ಇವೆರಡಕ್ಕೂ ನಡುವಣ ದಾರಿ ಇದೆಯೆ?

ಇದೆ. ಜರ್ಮನಿಯವರು ೨೦೨೦ರಿಂದ ಜಾರಿಗೆ ತಂದ ಕಾನೂನನ್ನು ನೋಡಿ. ಅಲ್ಲಿ ಮೂರು ವರ್ಷದ ತರಬೇತಿಯಲ್ಲಿ ಕಡಮೆಯೆಂದರೆ ೨,೧೦೦ ಗಂಟೆ ಪಾಠ, ೨,೫೦೦ ಗಂಟೆ ಕೆಲಸದ ಅಭ್ಯಾಸ. ಕಲಿಯುವವರ ಕರಾರು ಆಸ್ಪತ್ರೆಯಂಥ ಸೇವಾಸಂಸ್ಥೆಯೊಡನೆ ಆಗುತ್ತದೆ. ಪಾಠಕ್ಕೆ ಆ ಸಂಸ್ಥೆಯೊಡನೆ ಕೂಡಿಕೊಂಡ ಶಾಲೆ ಇರುತ್ತದೆ. ಕಲಿಯುವ ಮೂರು ವರ್ಷವೂ ಭತ್ಯ ದೊರೆಯುತ್ತದೆ. ಎಂದಮೇಲೆ ಬಡವರ ಮಕ್ಕಳು ಸಾಲಕ್ಕೆ ಸಿಕ್ಕಿಕೊಳ್ಳುವುದಿಲ್ಲ, ಆಸ್ಪತ್ರೆಯೂ ತಾನು ಹಣ ಕೊಡುತ್ತಿರುವ ಹುಡುಗಿಯನ್ನು ಮೂಲೆಯಲ್ಲಿ ನಿಲ್ಲಿಸುವುದಿಲ್ಲ.

ಅಷ್ಟು ದೂರ ಹೋಗುವುದೇಕೆ? ನೆರೆಯ ವೆಲ್ಲೂರಿನಲ್ಲಿ ಡಾಕ್ಟರ್ ಐಡಾ ಸ್ಕಡರ್ ಎಂಬಾಕೆ ೧೯೦೯ರಲ್ಲಿ ತಮ್ಮ ಆಸ್ಪತ್ರೆಯೊಳಗೆ ದಾದಿಯರ ಶಾಲೆ ತೆರೆದರು. ಅದು ೧೯೪೬ರಲ್ಲಿ ಪದವಿ ಕಾಲೇಜಾಯಿತು. ಅಲ್ಲಿ ಪಾಠ ಹೇಳುವವರೇ ವಾರ್ಡಿನ ಹೊಣೆಯನ್ನೂ ಹೊರುವ ಪದ್ಧತಿ ಬೆಳೆದುಬಂದಿದೆ. ಬೆಳಗ್ಗೆ ಹೇಳಿದ ಪಾಠ ಮಧ್ಯಾಹ್ನ ನಡೆಯದಿದ್ದರೆ ಅದು ಅವರದೇ ತಪ್ಪಾಗುತ್ತದೆ. ದೂರದ ಊರುಗಳ ಮಿಷನ್ ಆಸ್ಪತ್ರೆಗಳ ಆಶ್ರಯದಲ್ಲಿ ವಿದ್ಯಾರ್ಥಿಗಳು ಅಲ್ಲಿಗೆ ಸೇರುವುದುಂಟು. ಓದು ಮುಗಿದ ಮೇಲೆ ಅವರು ಕಳುಹಿಸಿದವರ ಆಸ್ಪತ್ರೆಗೆ ಹಿಂದಿರುಗಿ ಸೇವೆ ಸಲ್ಲಿಸುತ್ತಾರೆ. ಕಾಲುವೆ ಎಂದರೆ ಇದೇ.

ನಮ್ಮ ನಾಡಿನಲ್ಲಿಯೂ ಉದಾಹರಣೆ ಇಲ್ಲದಿಲ್ಲ. ೧೯೫೩ರಲ್ಲಿ ಡಾಕ್ಟರ್ ಟಿ. ಎಂ. ಎ. ಪೈಯವರು ಮಣಿಪಾಲದ ಗುಡ್ಡದ ಮೇಲೆ ಕಸ್ತೂರಬಾ ಮೆಡಿಕಲ್ ಕಾಲೇಜನ್ನು ತೆರೆದಾಗ ಅಲ್ಲಿ ವೈದ್ಯವಿದ್ಯೆಗೆ ಸಾಲುವಷ್ಟು ದೊಡ್ಡ ಆಸ್ಪತ್ರೆ ಇರಲಿಲ್ಲ. ಮಂಗಳೂರಿನಲ್ಲಿ ಸರ್ಕಾರದ ವೆನ್‌ಲಾಕ್ ಆಸ್ಪತ್ರೆಯೂ, ಹೆಂಗಸರಿಗೂ ಮಕ್ಕಳಿಗೂ ಮೀಸಲಾದ ಲೇಡಿ ಗೋಷನ್ ಆಸ್ಪತ್ರೆಯೂ ಇದ್ದವು. ಖಾಸಗಿ ಕಾಲೇಜಿನ ವಿದ್ಯಾರ್ಥಿಗಳು ಸರ್ಕಾರದ ಹಾಸಿಗೆಗಳ ಪಕ್ಕದಲ್ಲಿ ಕಲಿತರು, ಅವರ ಅಧ್ಯಾಪಕರು ಅಲ್ಲಿನ ಬಡರೋಗಿಗಳನ್ನು ನೋಡಿದರು. ಒಬ್ಬರಲ್ಲಿ ರೋಗಿಗಳಿದ್ದರು, ಇನ್ನೊಬ್ಬರಲ್ಲಿ ಗುರುಗಳಿದ್ದರು. ಇದು ವೈದ್ಯರ ವಿಚಾರವಾಯಿತು. ದಾದಿಯರಿಗೂ, ರಕ್ತ ಪರೀಕ್ಷೆ ಮಾಡುವ ತಂತ್ರಜ್ಞರಿಗೂ, ಎಕ್ಸರೇ ತೆಗೆಯುವವರಿಗೂ ಇದೇ ಮಾತು ಸಲ್ಲುತ್ತದೆ.

ಹಾಗಾದರೆ ಒಂದು ಜಿಲ್ಲಾ ಪಟ್ಟಣದಲ್ಲಿ ಇದನ್ನು ನಡೆಸುವ ಬಗೆ ಹೇಗೆ? ಮೊದಲನೆಯದಾಗಿ, ಕಾಲೇಜಿನವರೂ ಆಸ್ಪತ್ರೆಯವರೂ ವರ್ಷಕ್ಕೊಮ್ಮೆಯಾದರೂ ಒಂದೇ ಮೇಜಿನ ಮುಂದೆ ಕುಳಿತು ಲೆಕ್ಕ ಹಾಕಬೇಕು. ಪದವಿಗೆ ನಾಲ್ಕು ವರ್ಷ ಬೇಕು. ಈ ಜೂನಿನಲ್ಲಿ ಸೇರಿಸಿಕೊಂಡವಳು ನಾಲ್ಕು ವರ್ಷದ ಮೇಲೆ ಕೆಲಸಕ್ಕೆ ಬರುತ್ತಾಳೆ. ಆಗ್ಗೆ ಡಯಾಲಿಸಿಸ್ ವಿಭಾಗಕ್ಕೆ ಎಷ್ಟು ಮಂದಿ, ಹೆರಿಗೆ ವಾರ್ಡಿಗೆ ಎಷ್ಟು ಮಂದಿ ಬೇಕಾದೀತೆಂದು ಆಸ್ಪತ್ರೆಯು ಇಂದೇ ಹೇಳಬೇಕು. ಬಿತ್ತುವ ಮುಂಚೆ ಕೇಳಬೇಕಾದ ಪ್ರಶ್ನೆಯನ್ನು ಕೊಯ್ಲಿನಲ್ಲಿ ಕೇಳಿ ಫಲವಿಲ್ಲ.

ಎರಡನೆಯದು, ಕಲಿಸುವವರ ಮಾತು. ವಾರ್ಡಿನ ಹಿರಿಯ ಸಿಸ್ಟರೇ ನಿಜವಾದ ಗುರು. ಆದರೆ ನಲವತ್ತು ರೋಗಿಗಳ ನಡುವೆ ಓಡಾಡುವ ಆಕೆಗೆ "ಈ ಮಕ್ಕಳಿಗೂ ಕಲಿಸಮ್ಮ" ಎಂದು ಬಾಯಿಮಾತಿನಲ್ಲಿ ಹೇಳಿದರೆ ಆಕೆ ಏನು ಮಾಡಿಯಾಳು? ಕಲಿಸುವ ಹೊತ್ತಿನಲ್ಲಿ ಆಕೆಯ ಕೆಲಸದ ಹೊರೆ ಇಳಿಯಬೇಕು, ಅದಕ್ಕೆ ಕಾಲೇಜು ಗೌರವಧನ ಕೊಡಬೇಕು. ಕಾಲೇಜಿನ ಅಧ್ಯಾಪಕಿಯೂ ವಾರದಲ್ಲಿ ಕೆಲವು ದಿನ ವಾರ್ಡಿನಲ್ಲಿ ನಿಲ್ಲಬೇಕು.

ಮೂರನೆಯದು, ಹಾಸಿಗೆಯ ಲೆಕ್ಕ. ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳಾದರೂ ಇರಬೇಕೆಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಪ್ರಮಾಣ. ಒಂದು ಹಾಸಿಗೆಗೆ ಹನ್ನೆರಡು ವಿದ್ಯಾರ್ಥಿಗಳಾದರೆ ಪ್ರಮಾಣ ತಲೆಕೆಳಗಾಯಿತು. ಒಂದೇ ಆಸ್ಪತ್ರೆಯನ್ನು ಐದಾರು ಕಾಲೇಜುಗಳು ತಮ್ಮದೆಂದು ಕಾಗದದಲ್ಲಿ ತೋರಿಸದಂತೆ ಆಸ್ಪತ್ರೆಯವರೇ ಮಿತಿ ಹಾಕಿಕೊಳ್ಳಬೇಕು.

ನಾಲ್ಕನೆಯದು ಹಣ ಮತ್ತು ಕರಾರು. ಆಸ್ಪತ್ರೆಯು ಫೀಜಿನಲ್ಲಿ ಒಂದು ಪಾಲು ಕೊಟ್ಟು, ಬದಲಿಗೆ ಎರಡು ವರ್ಷ ಸೇವೆ ಕೇಳಿದರೆ ಅದು ನ್ಯಾಯ. ಆದರೆ ಆ ಎರಡು ವರ್ಷದ ಸಂಬಳವೆಷ್ಟೆಂದು ಸೇರುವಾಗಲೇ ಬರೆದಿರಬೇಕು. ಅಂಕಪಟ್ಟಿಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಹುಡುಗಿಯರನ್ನು ಹಿಡಿದಿಡುವವರೂ ಉಂಟು. ನನ್ನ ಇನ್ನೊಬ್ಬ ಶಿಷ್ಯೆ ತನ್ನ ಮೂಲಪತ್ರಗಳಿಗಾಗಿ ಹನ್ನೊಂದು ತಿಂಗಳು ಅಲೆದದ್ದನ್ನು ನಾನು ಬಲ್ಲೆ. ಕಾಲುವೆಗೂ ಬಂಧೀಖಾನೆಗೂ ವ್ಯತ್ಯಾಸವಿದೆ. ಒಳ್ಳೆಯ ಸಂಬಳ, ರಾತ್ರಿ ಪಾಳಿಗೆ ಸುರಕ್ಷಿತ ವಸತಿ, ಮುಂದೆ ಓದಲು ಅವಕಾಶ ಇವು ಇದ್ದರೆ ಬಹು ಮಂದಿ ತಾವಾಗಿಯೇ ನಿಲ್ಲುತ್ತಾರೆ.

ತಂದೆತಾಯಿಗಳಿಗೂ ಒಂದು ಮಾತು. ಮಗನನ್ನಾಗಲಿ ಮಗಳನ್ನಾಗಲಿ ಇಂಥ ಕಾಲೇಜಿಗೆ ಸೇರಿಸುವ ಮುನ್ನ ಕಟ್ಟಡವನ್ನು ಕೊನೆಯಲ್ಲಿ ನೋಡಿ. ಆಸ್ಪತ್ರೆ ಯಾವುದು, ಅಲ್ಲಿ ಹಾಸಿಗೆಗಳೆಷ್ಟು, ಅವುಗಳಲ್ಲಿ ರೋಗಿಗಳಿದ್ದಾರೆಯೆ, ಹೋದ ವರ್ಷ ಮುಗಿಸಿದವರು ಈಗ ಎಲ್ಲಿದ್ದಾರೆ ಎಂಬುದನ್ನು ಮೊದಲು ಕೇಳಿ. ಸಾಧ್ಯವಾದರೆ ಕೊನೆಯ ವರ್ಷದ ಒಬ್ಬ ಹುಡುಗಿಯನ್ನು ಪ್ರತ್ಯೇಕವಾಗಿ ಮಾತಾಡಿಸಿ.

ನಮ್ಮ ರೈತರು ಹಾಗೆಯೇ ಮಾಡಿದರು. ಇನ್ನೂ ಮೂರು ಕಡೆ ನೋಡಿ, ಆಸ್ಪತ್ರೆಯ ಹಿತ್ತಲಿನಲ್ಲೇ ಇರುವ ಒಂದು ಹಳೆಯ ಶಾಲೆಗೆ ಮಗಳನ್ನು ಸೇರಿಸಿದರು. ಗೋಡೆಗೆ ಸುಣ್ಣ ಕಾಣದೆ ಎಷ್ಟು ವರ್ಷವಾಗಿತ್ತೋ! ಸಾಲವೂ ಅರ್ಧಕ್ಕೆ ಇಳಿಯಿತು. ಈ ಸಂಕ್ರಾಂತಿಗೆ ಎಳ್ಳು ಬೀರಲು ಬಂದಿದ್ದಾಗ ಹೇಗಿದೆಯಮ್ಮ ಓದು ಎಂದು ಕೇಳಿದೆ. "ಕಾಲು ನೋಯುತ್ತೆ ಸಾರ್" ಎಂದಳು. "ನನಗೆ ಆರನೆಯ ನಂಬರಿನ ಹಾಸಿಗೆಯ ಅಜ್ಜಿಯನ್ನು ಕೊಟ್ಟಿದ್ದಾರೆ. ನಾನು ಬಾರದೆ ಊಟ ಮಾಡುವುದಿಲ್ಲ" ಎಂದೂ ಸೇರಿಸಿದಳು.

ಈ ಪತ್ರಿಕೆಯನ್ನು ಓದುವವರಲ್ಲಿ ಆಸ್ಪತ್ರೆಯ ಸಮಿತಿಯಲ್ಲಿರುವವರುಂಟು, ಕಾಲೇಜಿನ ಆಡಳಿತ ಮಂಡಲಿಯಲ್ಲಿರುವವರುಂಟು. ಒಂದೇ ಬೀದಿಯಲ್ಲಿ ವಾಸವಾಗಿರುವ ನೀವು ಮದುವೆ ಮುಂಜಿಗಳಲ್ಲಿ ಭೇಟಿಯಾಗುತ್ತಲೇ ಇರುತ್ತೀರಿ. ಬರುವ ಜೂನಿಗೆ ಮುಂಚೆ ಒಂದು ಸಂಜೆ ಇದೇ ವಿಷಯಕ್ಕಾಗಿ ಕೂಡಿರಿ. ನಾಳೆ ನಿಮ್ಮ ಮನೆಯ ಹಿರಿಯರೇ ಆ ಆರನೆಯ ನಂಬರಿನ ಹಾಸಿಗೆಯಲ್ಲಿ ಮಲಗಬೇಕಾಗಿ ಬಂದರೆ, ಹತ್ತಿರ ಬಂದು ನಿಲ್ಲುವ ಹುಡುಗಿಯ ಕೈ ಪಳಗಿದ್ದಾಗಿರಬೇಕಷ್ಟೆ.