ಮೃದಂಗದ ಕರಣೆಯೂ ಕಂಪನಶಮನವೂ

ಮೈಸೂರಿನ ರಾಜೀವನಗರದ ಬೀದಿಬದಿಯಲ್ಲಿ ಬಾಡಿಗೆಗೆ ಕಾದು ನಿಂತ ಆಟೋರಿಕ್ಷಾವನ್ನು ಗಮನಿಸಿದವರಿಗೆ ಒಂದು ಸಂಗತಿಯು ಗೋಚರಿಸಿರಬೇಕು. ಎಂಜಿನ್ನು ಮಂದಗತಿಯಲ್ಲಿರುವಾಗ ಗಾಡಿಯ ಮೈಯೆಲ್ಲ ಗಡಗಡನೆ ನಡುಗುವುದು; ಚಾಲಕನು ವೇಗವನ್ನು ಹೆಚ್ಚಿಸಿದೊಡನೆ ಆ ನಡುಕವು ತಗ್ಗುವುದು. ವೇಗವು ಹೆಚ್ಚಿದಷ್ಟೂ ಕಂಪವು ಹೆಚ್ಚಬೇಕೆಂದು ತರ್ಕಿಸುವವರಿಗೆ ಇದು ವಿಪರೀತವೆಂದು ತೋರಬಹುದು.

ಬಿಗಿಯೂ ಭಾರವೂ ಉಳ್ಳ ಯಾವ ವಸ್ತುವಾದರೂ ಒಮ್ಮೆ ತಾಡಿತವಾದರೆ ತನ್ನದೇ ಆದ ಸಂಖ್ಯೆಯಲ್ಲಿ ಕಂಪಿಸುವುದು. ಇದಕ್ಕೆ ಸಹಜಕಂಪನವೆಂದು ಹೆಸರು. ಬಿಗಿಯು ಹೆಚ್ಚಿದಂತೆ ಈ ಸಂಖ್ಯೆಯು ಏರುವುದು, ಭಾರವು ಹೆಚ್ಚಿದಂತೆ ಇಳಿಯುವುದು. ಬಿಗಿಯು ಬದಲಾಗದೆ ಭಾರವು ನಾಲ್ಮಡಿಯಾದರೆ ಕಂಪನಸಂಖ್ಯೆಯು ಅರ್ಧವಾಗುವುದು. ಹೊರಗಿನ ಪ್ರೇರಣೆಯು ಇದೇ ಸಂಖ್ಯೆಯಲ್ಲಿ ಬಂದಾಗ ಅಲ್ಪವಾದ ತಳ್ಳುಗಳೂ ಒಂದರ ಮೇಲೊಂದು ಕೂಡಿ ಕಂಪನವನ್ನು ಬೆಳೆಯಿಸುವುವು. ನಿಂತ ಗಾಡಿಯಲ್ಲಿ ನಡೆಯುವುದು ಇದೇ. ಎಂಜಿನ್ನಿನ ವೇಗವು ಆ ಸಂಖ್ಯೆಯನ್ನು ದಾಟಿದ ಮೇಲೆ ಗಾಡಿಯ ಮೈಯು ತಳ್ಳುಗಳನ್ನು ಅನುಸರಿಸಲಾರದೆ ಹೋಗುವುದು.

ಕನ್ನಡದ ವಿಜ್ಞಾನಗ್ರಂಥಗಳಲ್ಲಿ ಈ ಸಮಸಂಖ್ಯೆಯ ಪ್ರೇರಣೆಗೆ ಅನುರಣನವೆಂಬ ಪದವು ರೂಢಿಯಾಗಿದೆ. ಆದರೆ ಆಲಂಕಾರಿಕರಲ್ಲಿ ಅನುರಣನವೆಂದರೆ, ಬಾರಿಸುವುದು ನಿಂತ ಮೇಲೂ ಘಂಟೆಯಲ್ಲಿ ಕ್ರಮಕ್ರಮವಾಗಿ ಕ್ಷೀಣಿಸುತ್ತ ಮೊಳಗುವ ನಾದ. ಆನಂದವರ್ಧನನ ಧ್ವನ್ಯಾಲೋಕದಲ್ಲಿ ಸಂಲಕ್ಷ್ಯಕ್ರಮವ್ಯಂಗ್ಯಕ್ಕೆ ಇದೇ ಉಪಮಾನ. ಅಲ್ಲಿ ಹೊರಗಿನ ಪ್ರೇರಣೆಯಿಲ್ಲ. ಇರುವುದು ಸ್ವತಂತ್ರಕಂಪನ ಮತ್ತು ಅದರ ಕ್ಷಯ. ಬೆಳೆಯುವ ಕಂಪನಕ್ಕೂ ಅಳಿಯುವ ಕಂಪನಕ್ಕೂ ಒಂದೇ ಪದವು ಸಲ್ಲುವುದಾದರೆ ಬೋಧಕರಿಗೆ ತೊಡಕು ತಪ್ಪದು. ಕ್ಷಯವನ್ನಾದರೂ ಶಮನವೆಂದು ಬೇರೆಯಾಗಿ ಕರೆಯುವುದು ಯುಕ್ತ. ಘರ್ಷಣೆಯೇ ಮೊದಲಾದವು ಕಂಪನಶಕ್ತಿಯನ್ನು ಶಾಖವಾಗಿ ಮಾರ್ಪಡಿಸುವುದರಿಂದ ಶಮನವುಂಟಾಗುವುದು. ಒಂದೊಂದು ತೂಗಿನಲ್ಲಿಯೂ ಹತ್ತರಲ್ಲೊಂದು ಪಾಲು ಕಳೆಯುವುದಾದರೆ ಏಳೇ ತೂಗುಗಳಲ್ಲಿ ಕಂಪನದ ವಿಸ್ತಾರವು ಅರ್ಧಕ್ಕಿಂತ ಕೆಳಗಿಳಿಯುವುದು.

ಭಾರದ ಕಾರ್ಯವು ಬೇರೆ, ಶಮನದ ಕಾರ್ಯವು ಬೇರೆ ಎಂಬುದಕ್ಕೆ ಮೃದಂಗಕ್ಕಿಂತ ಉತ್ತಮವಾದ ನಿದರ್ಶನವು ದುರ್ಲಭ. ಎಲ್ಲೆಡೆಯೂ ಒಂದೇ ದಪ್ಪವಾದ ಚರ್ಮವನ್ನು ವೃತ್ತಾಕಾರವಾಗಿ ಬಿಗಿದು ಬಾರಿಸಿದರೆ ಹುಟ್ಟುವ ಕಂಪನಸಂಖ್ಯೆಗಳು 1, 1.59, 2.14, 2.30 ಎಂಬ ಅನುಪಾತದಲ್ಲಿರುವುವು. ಶ್ರುತಿಯಾಗಿ ಕೇಳಲು ಇವು ಒದಗವು. ಬಲಗಡೆಯ ಮುಖದ ನಡುವೆ ಕರಣೆಯನ್ನು ಪದರಪದರವಾಗಿ ಹಚ್ಚಿದಾಗ ಭಾರದ ಹಂಚಿಕೆಯು ಬದಲಾಗಿ, ಅನುಪಾತವು 1, 2, 3, 4, 5 ಎಂಬುದರ ಸಮೀಪಕ್ಕೆ ಬರುವುದು. ಸಿ. ವಿ. ರಾಮನ್ ಅವರು ಶಿವಕಾಳಿ ಕುಮಾರ್ ಅವರೊಡನೆ 1920ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. 1933ರಲ್ಲಿ ಬೆಂಗಳೂರಿಗೆ ಬಂದು, ಮರುವರ್ಷ ತಾವೇ ಸ್ಥಾಪಿಸಿದ ವಿಜ್ಞಾನ ಅಕಾಡೆಮಿಯ ನಡವಳಿಗಳಲ್ಲಿ ವಿಸ್ತರಿಸಿದರು. ಚರ್ಮದ ಮೇಲೆ ನುಣುಪಾದ ಮರಳನ್ನು ಉದುರಿಸಿದರೆ ಅದು ಕಂಪಿಸದ ರೇಖೆಗಳಲ್ಲಿ ನಿಲ್ಲುವುದು. ಹಾಗೆ ಕಂಡ ಒಂಬತ್ತು ಬಗೆಯ ಕಂಪನಗಳು ಐದು ಸ್ವರಗಳಲ್ಲಿ ಅಡಕವಾದುವು. ಗಣಿತವನ್ನರಿಯದ ವಾದ್ಯಗಾರರು ಕಿವಿಯೊಂದರಿಂದಲೇ ಇದನ್ನು ಸಾಧಿಸಿದ್ದರೆಂಬುದು ಸಾಮಾನ್ಯವಾದ ಮಾತಲ್ಲ.

ಕರಣೆಯು ಭಾರ; ಶಮನವನ್ನು ಮಾಡುವುದು ವಾದಕನ ಬೆರಳು. ಉಂಗುರಬೆರಳನ್ನು ಚರ್ಮದ ಮೇಲೆ ಹಗುರವಾಗಿ ಇರಿಸಿ ತೋರುಬೆರಳಿನಿಂದ ಅಂಚನ್ನು ಹೊಡೆದಾಗ, ಬೆರಳಿದ್ದಲ್ಲಿ ಚಲಿಸಬೇಕಾದ ಮೂಲಕಂಪನವು ಅಡಗುವುದು; ಅಲ್ಲಿ ನಿಶ್ಚಲವಾಗಿರತಕ್ಕ ಎರಡನೆಯ ಕಂಪನವು ಮಾತ್ರ ಉಳಿದು ಸ್ಪಷ್ಟವಾಗಿ ಕೇಳಿಸುವುದು.

ಯಂತ್ರಶಿಲ್ಪಿಗಳಿಗೂ ಈ ವಿವೇಚನೆಯು ಬೇಕು. ಲಂಡನ್ನಿನ ಥೇಮ್ಸ್ ನದಿಯ ಮಿಲೇನಿಯಂ ಕಾಲುಸೇತುವೆಯು 2000ರಲ್ಲಿ ತೆರೆದೊಡನೆಯೇ ಜನರ ನಡಿಗೆಯಿಂದ ಪಕ್ಕಕ್ಕೆ ತೂಗಾಡಿದ್ದರಿಂದ ಅದನ್ನು ಮುಚ್ಚಿ, ಶಮನಕಗಳನ್ನು ಅಳವಡಿಸಿ, 2002ರಲ್ಲಿ ಪುನಃ ತೆರೆದರು. ಹಾಗೆಂದು ಶಮನವು ಎಲ್ಲೆಡೆಯೂ ಹಿತವೆನ್ನಲಾಗದು. ಆಟೋರಿಕ್ಷಾದ ಎಂಜಿನ್ನನ್ನು ಹಿಡಿದಿರುವ ರಬ್ಬರು ಸಹಜಸಂಖ್ಯೆಯ ಬಳಿಯಲ್ಲಿ ಕಂಪವನ್ನು ಕುಗ್ಗಿಸುವುದಾದರೂ, ಎಂಜಿನ್ನಿನ ವೇಗವು ಆ ಸಂಖ್ಯೆಯ ಸುಮಾರು 1.41 ಮಡಿಯನ್ನು ಮೀರಿದ ಬಳಿಕ, ಶಮನವು ಹೆಚ್ಚಿದಷ್ಟೂ ಹೆಚ್ಚು ಕಂಪವನ್ನು ಗಾಡಿಯ ಮೈಗೆ ದಾಟಿಸುವುದು. ಆದುದರಿಂದ ಅದನ್ನು ಅತಿ ಮೃದುವೂ ಅಲ್ಲದೆ ಅತಿ ಜಡವೂ ಅಲ್ಲದೆ ಆರಿಸಬೇಕಾಗುವುದು.