ಜೀಪಿನ ಗೇರು ಮುನಿದಾಗ

ಬಹುದಿನಗಳ ಮೇಲೆ ತಾತನ ಕಾಲದ ಜೀಪು ಕೊಟ್ಟಿಗೆಯಿಂದ ಹೊರಬಿದ್ದಿದೆ. ಎಂಜಿನು ಒಂದೆರಡು ಸಲ ಕೆಮ್ಮಿ ಹೊತ್ತಿಕೊಂಡಿತು. ಮನೆಯ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಯಜಮಾನನು ಕ್ಲಚ್ಚನ್ನು ತುಳಿದು ಗೇರಿನ ಹಿಡಿಗೆ ಕೈಯಿಟ್ಟರೆ ಅದು ಜಪ್ಪಯ್ಯ ಎಂದರೂ ಕದಲಲೊಲ್ಲದು! ಇನ್ನೊಮ್ಮೆ, ಈ ಸಲ ಎರಡೂ ಕೈಯಿಂದ. ಒಳಗೆ ಕರಕರನೆ ಹಲ್ಲು ಮಸೆದ ಸದ್ದು. ಈ ಗಳಿಗೆಯಲ್ಲಿ ಆತನು ಏನು ಮಾಡುವನೆಂಬುದರ ಮೇಲೆ ಆ ಗೇರುಪೆಟ್ಟಿಗೆಯ ಅಳಿವು ಉಳಿವು ನಿಂತಿದೆ.

ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳು 1945ರ ವೇಳೆಗೆ ಸುಮಾರು 6,40,000 ಜೀಪುಗಳನ್ನು ಹೊರತಂದವು. ಯುದ್ಧ ಮುಗಿದ ಮೇಲೆ ಸೈನ್ಯದ ಹೆಚ್ಚುವರಿ ಸಾಮಗ್ರಿಯಾಗಿ ಮಾರಾಟವಾಗಿ ಭಾರತದ ನಾಗರಿಕರ ಕೈಸೇರಿದವೂ ಅವುಗಳಲ್ಲಿವೆ. ಈ ಜೀಪಿನ ಗೇರುಪೆಟ್ಟಿಗೆಗೆ ಟಿ-84 ಎಂದು ಹೆಸರು. ಮುಂದಕ್ಕೆ ಮೂರು ಗೇರು, ಹಿಂದಕ್ಕೆ ಒಂದು. ಎರಡನೆಯ ಮತ್ತು ಮೂರನೆಯ ಗೇರುಗಳಿಗೆ ಮಾತ್ರ ಸಿಂಕ್ರೊಮೆಶ್ ಎಂಬ ಏರ್ಪಾಡುಂಟು: ಹಲ್ಲಿಗೆ ಹಲ್ಲು ಕೂಡುವ ಮುನ್ನ ಹಿತ್ತಾಳೆ ಜಾತಿಯ ಉಂಗುರವೊಂದು ಉಜ್ಜಿ ಎರಡು ಕಡೆಯ ವೇಗವನ್ನೂ ಸಮಮಾಡುತ್ತದೆ. ಮೊದಲನೆಯ ಗೇರಿಗೆ ಈ ಮಧ್ಯಸ್ಥನಿಲ್ಲ. ಓಡುವ ಗಾಡಿಯನ್ನು ಒಮ್ಮೆಗೇ ಮೊದಲನೆಯ ಗೇರಿಗೆ ಇಳಿಸಹೋದವನು ಸದ್ದು ಕೇಳಿ ಪೆಟ್ಟಿಗೆಯನ್ನು ಬೈದರೆ ತಪ್ಪು ಯಾರದು?

ಅನುಭವಸ್ಥನಾದ ಮೇಸ್ತ್ರಿ ಮೊದಲು ಎಂಜಿನನ್ನು ನಿಲ್ಲಿಸುತ್ತಾನೆ. ಗಾಡಿಯನ್ನು ತುಸು ಹಿಂದುಮುಂದು ತೂಗಿಸುತ್ತ, ಒಂದೊಂದೇ ಗೇರನ್ನು ಹಾಕಿ ನೋಡುತ್ತಾನೆ. ನಿಂತ ಎಂಜಿನಿನಲ್ಲಿ ಸಲೀಸಾಗಿ ಬೀಳುವ ಗೇರು, ಎಂಜಿನು ನಡೆಯುವಾಗ ಮಾತ್ರ ಹಟಮಾಡಿದರೆ ದೋಷವನ್ನು ಪೆಟ್ಟಿಗೆಯಲ್ಲಿ ಹುಡುಕಬೇಕಾಗಿಲ್ಲ. ಕ್ಲಚ್ಚು ಪೂರ್ತಿ ಬಿಡುತ್ತಿಲ್ಲ ಎಂದೇ ಅರ್ಥ. ಪೆಡಲಿನ ಸಡಿಲ ಚಲನೆ ಮುಕ್ಕಾಲು ಅಂಗುಲದಷ್ಟಿರಬೇಕು. ಅದು ಮಿತಿಮೀರಿದರೆ ಎಷ್ಟು ತುಳಿದರೂ ಸಾಲದು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಕ್ಲಚ್ ಪ್ಲೇಟು ತುಕ್ಕು ಹಿಡಿದು ಫ್ಲೈವೀಲಿಗೆ ಅಂಟಿಕೊಂಡಿರುವುದೂ ಉಂಟು. ಎಲ್ಲಕ್ಕಿಂತ ಕಪಟಿ ಎಂದರೆ ಎಂಜಿನಿನ ದಂಡದ ತುದಿಯಲ್ಲಿ ಅಡಗಿರುವ ಪುಟ್ಟ ಕಂಚಿನ ಬುಷ್. ಅದು ಒಣಗಿ ಬಿಗಿಹಿಡಿದರೆ, ಕ್ಲಚ್ಚು ಬಿಟ್ಟರೂ ಗೇರುಪೆಟ್ಟಿಗೆಯ ದಂಡ ಎಂಜಿನಿನೊಡನೆ ತಿರುಗುತ್ತಲೇ ಇರುತ್ತದೆ. ಅಂಗುಲದ ಗಾತ್ರವೂ ಇಲ್ಲದ ಈ ಲೋಹದ ಬಳೆಗಾಗಿ ಎಷ್ಟು ಪೆಟ್ಟಿಗೆಗಳು ವೃಥಾ ಬಿಚ್ಚಿಸಿಕೊಂಡಿವೆಯೋ!

ಎಂಜಿನು ನಿಂತಾಗಲೂ ಹಿಡಿ ಕದಲದಿದ್ದರೆ ಆಗ ನೆಲದ ತಗಡನ್ನು ತೆಗೆದು ಪೆಟ್ಟಿಗೆಯ ಮೇಲ್ಮುಚ್ಚಳವನ್ನು ಬಿಚ್ಚಬೇಕು. ಪೆಟ್ಟಿಗೆಯನ್ನು ಕೆಳಗಿಳಿಸಬೇಕಾಗಿಲ್ಲ. ಮುಚ್ಚಳದಲ್ಲಿ ಎರಡು ಸರಳುಗಳಿವೆ: ಒಂದು ಮೊದಲನೆಯ ಹಾಗೂ ಹಿಂದಿನ ಗೇರುಗಳಿಗೆ, ಇನ್ನೊಂದು ಉಳಿದೆರಡಕ್ಕೆ. ಸ್ಪ್ರಿಂಗು ಒತ್ತಿದ ಗುಂಡುಗಳು ಅವನ್ನು ನೆಲೆಯಲ್ಲಿ ನಿಲ್ಲಿಸುತ್ತವೆ. ನಡುವಿನ ಒಂದು ಚಿಕ್ಕ ತುಂಡು ಎರಡು ಸರಳುಗಳೂ ಒಟ್ಟಿಗೆ ಸರಿಯದಂತೆ ತಡೆಯುತ್ತದೆ. ತೇವದಲ್ಲಿ ನಿಂತ ಗಾಡಿಯ ಬಿಗುವು ಬಹುಪಾಲು ಇಲ್ಲಿಯೇ. ತುಕ್ಕನ್ನು ತೆಗೆದು, ಸೀಮೆಎಣ್ಣೆಯಿಂದ ತೊಳೆದು, ಎಣ್ಣೆ ಸವರಿದರೆ ಸರಳುಗಳು ಬೆರಳಿನ ಒತ್ತಿಗೇ ಸರಿಯುತ್ತವೆ. ಸರಳನ್ನು ಎಳೆಯುವಾಗ ಗುಂಡು ಛಂಗನೆ ಹಾರುತ್ತದೆ. ಮೊದಲೇ ಬಟ್ಟೆ ಮುಚ್ಚಿಕೊಳ್ಳದವನು ಸಂಜೆಯವರೆಗೆ ನೆಲ ತಡಕುತ್ತಿರಬೇಕಾದೀತು. ಹಿಡಿಯ ಕೆಳತುದಿ ಸವೆದಿದ್ದರೆ ಅದು ಎರಡು ಸರಳುಗಳ ನಡುವೆ ಜಾರಿ ಸಿಕ್ಕಿಬೀಳುತ್ತದೆ, ಅದನ್ನೂ ನೋಡಿಕೊಳ್ಳಬೇಕು.

ಎಣ್ಣೆಯ ಮಾತು ಬೇರೆ. ಪೆಟ್ಟಿಗೆಗೆ ಹಿಡಿಯುವುದು ಮುಕ್ಕಾಲು ಲೀಟರಿಗೂ ತುಸು ಕಡಿಮೆ. ಹಳೆಯದು ಅಂಟಾಗಿದ್ದರೆ ಬಸಿದು, ನಮ್ಮ ಹವೆಗೆ 90ನೆಯ ದರ್ಜೆಯ ಸಾದಾ ಗೇರ್ ಆಯಿಲನ್ನು ಹಾಕಬೇಕು. ಬೆಲೆ ಹೆಚ್ಚೆಂದು ಜಿಎಲ್-5 ತಂದು ಸುರಿಯುವವರುಂಟು. ಅದರಲ್ಲಿನ ಗಂಧಕದ ಬೆರಕೆ ಹಿತ್ತಾಳೆ ಉಂಗುರಗಳಿಗೆ ಹಿತವಲ್ಲ.

ಜೀಪಿನ ನೆಲದಲ್ಲಿ ಹಿಡಿಗಳು ಮೂರು. ಬಿಗಿದಿರುವುದು ಗೇರಿನದಲ್ಲದೆ ಮುಂದಿನ ಚಕ್ರಗಳಿಗೆ ಶಕ್ತಿ ಕೊಡುವ ಹಿಡಿಯಾಗಿದ್ದರೆ ಕಾರಣ ಬೇರೆ. ತಿರುವುಗಳಲ್ಲಿ ಮುಂದಿನ ಚಕ್ರಗಳೂ ಹಿಂದಿನವೂ ಬೇರೆ ಬೇರೆ ದೂರ ಉರುಳುತ್ತವೆ. ಮಣ್ಣಿನಲ್ಲಾದರೆ ಜಾರಿ ಸರಿಹೋಗುವ ಆ ವ್ಯತ್ಯಾಸ ಟಾರು ರಸ್ತೆಯಲ್ಲಿ ದಂಡಗಳೊಳಗೆ ಹುರಿಯಾಗಿ ನಿಲ್ಲುತ್ತದೆ. ಗಾಡಿಯನ್ನು ನಾಲ್ಕು ಗಜ ನೇರ ಹಿಂದಕ್ಕೆ ಬಿಟ್ಟರೆ ಹುರಿ ಬಿಚ್ಚಿ ಹಿಡಿ ತಾನಾಗಿ ಸಡಿಲುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ ಪೆಟ್ಟಿಗೆಯನ್ನು ಇಳಿಸದೆ ಗತ್ಯಂತರವಿಲ್ಲ. ಆಗ ಯಾರಾದರೊಬ್ಬರು ಬಂದು ಟಿ-90ರ ಆಸೆ ತೋರಿಸುತ್ತಾರೆ. 1945ರ ನಾಗರಿಕ ಜೀಪಿಗೆಂದು ಬಂದ ಈ ಪೆಟ್ಟಿಗೆ ಹೆಚ್ಚು ಗಟ್ಟಿ. ಮಹೀಂದ್ರದವರ ಸಿಜೆ-3ಬಿ ಜೀಪುಗಳಲ್ಲೂ ಇದ್ದುದು ಅದೇ. ಕೆಲವು ಮಾರ್ಪಾಡುಗಳಿಂದ ಯುದ್ಧಕಾಲದ ಜೀಪಿಗೂ ಕೂರುತ್ತದೆ. ಗಾಡಿ ಓಡಿದರೆ ಸಾಕೆನ್ನುವವರನ್ನು ತಡೆಯುವುದು ನ್ಯಾಯವಲ್ಲ. ಆದರೆ ಬಿಚ್ಚಿದ ಟಿ-84ನ್ನು ಗುಜರಿಯವನ ತಕ್ಕಡಿಗೆ ಹಾಕಬಾರದು. ಎರಡೂ ಕೈಯಿಂದ ಹಿಡಿಯನ್ನು ಎಳೆದು ಹಲ್ಲು ಮುರಿದುಕೊಂಡ ಇನ್ನೊಬ್ಬ ಯಜಮಾನನಿಗೆ ಅದರೊಳಗಿನ ಚಕ್ರವೊಂದು ಬೇಕಾಗಿರುತ್ತದೆ.